ಕೆಂಪು ಬಂಡೆಗಳ ನಡುವೆ ಎರಡು ಸೈಕಲ್ಲು

ಕೊಲೊರಾಡೊ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹಿಮ ಮತ್ತು ಸ್ಕೀಯಿಂಗ್. ಊರಿನಿಂದ ಅಪ್ಪ ಅಮ್ಮನೋ ಬೀಗರೋ ಬಂದಾಗ ಡೆನ್ವರ್ ಸುತ್ತಮುತ್ತಲಿನ ನಾವೆಲ್ಲ ಮಾಡುವುದೂ ಹೆಚ್ಚುಕಡಿಮೆ ಒಂದೇ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಒಂದಷ್ಟು ಫೋಟೋ, ಗಾರ್ಡನ್ ಆಫ್ ದಿ ಗಾಡ್ಸ್‌ನಲ್ಲಿ ಇನ್ನೊಂದಷ್ಟು ಫೋಟೋ, ಒಂದು ದಿನ ದೇವಸ್ಥಾನ. ಅಲ್ಲಿಗೆ ಕೊಲೊರಾಡೊ ದರ್ಶನ ಮುಗಿಯಿತು! ಆದರೆ ಇದೇ ರಾಜ್ಯದ ಪಶ್ಚಿಮದಲ್ಲಿ, ಯೂಟಾ ಗಡಿಗೆ ಹತ್ತಿರ, ಕೆಂಪು ಬಂಡೆಗಳ ಬೇರೆಯೇ ಒಂದು ಲೋಕವಿದೆ. ಹೆಸರು ಕೊಲೊರಾಡೊ ನ್ಯಾಷನಲ್ ಮಾನ್ಯುಮೆಂಟ್. ಡೆನ್ವರಿನಿಂದ ಐ-70 ಹಿಡಿದು ಪಶ್ಚಿಮಕ್ಕೆ ಸುಮಾರು ನಾಲ್ಕು ತಾಸು ಹೋದರೆ ಗ್ರ್ಯಾಂಡ್ ಜಂಕ್ಷನ್ ಊರು. ಅದರ ಬೆನ್ನಿಗೇ ಈ ಬಂಡೆಗಳು.

ಮಾನ್ಯುಮೆಂಟ್ ಎಂದಾಗ ಯಾವುದೋ ಪ್ರತಿಮೆ ಇರಬಹುದು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1906ರ ಕಾನೂನಿನ ಪ್ರಕಾರ ಅಧ್ಯಕ್ಷರು ಒಂದು ಘೋಷಣೆ ಹೊರಡಿಸಿ ವಿಶೇಷ ಜಾಗಗಳನ್ನು ಕಾಪಾಡಬಹುದು; ಅಂಥ ಜಾಗಕ್ಕೆ ಈ ಹೆಸರು. ಇದನ್ನು 1911ರ ಮೇ 24ರಂದು ಅಧ್ಯಕ್ಷ ಟಾಫ್ಟ್ ಘೋಷಿಸಿದರು. ವಿಸ್ತೀರ್ಣ ಸುಮಾರು 20,500 ಎಕರೆ. ಅದರೊಳಗೆ ಕಣಿವೆಗಳ ಅಂಚನ್ನೇ ಹಿಡಿದು 23 ಮೈಲಿ ಸಾಗುವ ಒಂದು ರಸ್ತೆ ಇದೆ, ರಿಮ್ ರಾಕ್ ಡ್ರೈವ್. 2024ರ ಸೆಪ್ಟೆಂಬರಿನಲ್ಲಿ ನಾವಿಬ್ಬರು ಆ ರಸ್ತೆಯನ್ನು ಎರಡು ದಿನ ಸೈಕಲ್ಲಿನಲ್ಲಿ ತುಳಿದೆವು. ಕಾರಿನಲ್ಲಾದರೆ ಒಂದು ತಾಸಿನಲ್ಲಿ ಮುಗಿದುಹೋಗುವ ದಾರಿಗೆ ಎರಡು ದಿನ ಯಾಕೆ ಎಂದು ಕೇಳುವಿರಾ? ಅದನ್ನು ಹೇಳುವುದಕ್ಕೇ ಈ ಲೇಖನ.

ಮೇಷ್ಟ್ರು ಮತ್ತು ನಾನು

ನನ್ನ ಜೊತೆ ಬಂದವರು ನಮ್ಮ ಕೂಟದ ಕನ್ನಡ ಶಾಲೆಯಲ್ಲಿ ಭಾನುವಾರ ಮಕ್ಕಳಿಗೆ ಅಕ್ಷರ ತಿದ್ದಿಸುವವರು. ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್, ಆದರೆ ನಮಗೆಲ್ಲ ಅವರು ‘ಮೇಷ್ಟ್ರು’. ಊರು ಬಾದಾಮಿಯ ಹತ್ತಿರ. ವಯಸ್ಸು ಐವತ್ತೆಂಟು, ನನಗಿಂತ ಎರಡು ವರ್ಷ ಹಿರಿಯರು. ಅವರ ಮನೆಯವರನ್ನು ಉತ್ತರ ಕರ್ನಾಟಕದ ಪದ್ಧತಿಯಂತೆ ‘ವೈನಿ’ ಎಂದು ಕರೆಯುವುದನ್ನು ಹಳೆ ಮೈಸೂರಿನ ನಾವೂ ಕಲಿತುಕೊಂಡಿದ್ದೇವೆ.

2024ರ ಜನವರಿಯಲ್ಲಿ ಮನೆಯ ಮುಂದಿನ ಹಿಮ ಎತ್ತುತ್ತಿದ್ದಾಗ ಮೇಷ್ಟ್ರಿಗೆ ಎದೆಯ ಮೇಲೆ ಯಾರೋ ಕೂತಂತಾಯಿತು. ವೈನಿ ತಡಮಾಡದೆ 911ಕ್ಕೆ ಫೋನ್ ಮಾಡಿದ್ದರಿಂದ ಬದುಕಿದರು. ಒಂದು ರಕ್ತನಾಳದಲ್ಲಿ ಸ್ಟೆಂಟ್ ಕೂತಿತು. ಹನ್ನೆರಡು ವಾರ ಕಾರ್ಡಿಯಾಕ್ ರಿಹ್ಯಾಬ್‌ಗೆ ಹೋದರು, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪಾಸಾದರು. ಅವರ ಹೃದ್ರೋಗ ತಜ್ಞರು ಸೈಕಲ್ಲಿಗೂ ಒಪ್ಪಿಗೆ ಕೊಟ್ಟರು. ನಾನು ಜನರಲ್ ಮೆಡಿಸಿನ್‌ನವನು, ಅವರಿಗೆ ಚಿಕಿತ್ಸೆ ಕೊಟ್ಟವನಲ್ಲ, ಬರೀ ಗೆಳೆಯ. ಆದರೂ ವೈನಿ ನನ್ನನ್ನು ಕರೆದು, “ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನೀವು ಮುಂದ ಹೋಗಿ ಅವರನ್ನ ಹಿಂದ ಬಿಡಬ್ಯಾಡ್ರಿ” ಎಂದು ಮಾತು ತೆಗೆದುಕೊಂಡರು. ತಾವು ಮತ್ತು ನನ್ನ ಹೆಂಡತಿ ಕಾರಿನಲ್ಲಿ ಟೆಂಟು, ಹಾಸಿಗೆ, ಅಡಿಗೆ ಸಾಮಾನು ಹೇರಿಕೊಂಡು, ದಾರಿಯ ವ್ಯೂಪಾಯಿಂಟ್‌ಗಳಲ್ಲಿ ಕಾಯುವುದೆಂದು ತೀರ್ಮಾನವಾಯಿತು.

ಮೇಷ್ಟ್ರ ಔಷಧಿಗಳಲ್ಲಿ ಒಂದು ಬೀಟಾ ಬ್ಲಾಕರ್. ಅದು ನಾಡಿ ಏರದಂತೆ ತಡೆಯುತ್ತದೆ. ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆಯನ್ನು ನಂಬಿ ಏರು ತುಳಿಯುವಂತಿಲ್ಲ. ನಮ್ಮ ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ: ತುಳಿಯುತ್ತಾ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆದರೆ ವೇಗ ಸರಿಯಾಗಿದೆ ಎಂದರ್ಥ. ಮೇಷ್ಟ್ರು ಇದನ್ನು ಕನ್ನಡಕ್ಕೆ ತಂದರು. “ಮಗ್ಗಿ ಹೇಳ್ತೀನ್ರಿ” ಎಂದರು. ‘ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು’ ಎಂದು ಒಂದು ಸಾಲು ಒಂದೇ ಉಸಿರಿಗೆ ಬಂದರೆ ಮುಂದೆ ಹೋಗುವುದು, ನಡುವೆ ತುಂಡಾದರೆ ನಿಲ್ಲುವುದು. ಅಮೆರಿಕದ ಬಂಡೆಗಳು ಹದಿಮೂರರ ಮಗ್ಗಿ ಕೇಳಿದ್ದು ಬಹುಶಃ ಅದೇ ಮೊದಲು!

ಏರು

ಬೆಳಿಗ್ಗೆ ಏಳಕ್ಕೆ ಗ್ರ್ಯಾಂಡ್ ಜಂಕ್ಷನ್ ಕಡೆಯ ಪೂರ್ವ ದ್ವಾರದಿಂದ ಹೊರಟೆವು. ದ್ವಾರ ದಾಟುತ್ತಲೇ ಏರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಾರಿನಲ್ಲಿ ಕೂತು ಹೇಳುವುದು ಬೇರೆ, ಪೆಡಲ್ ಮೇಲೆ ಕಾಲಿಟ್ಟು ಅನುಭವಿಸುವುದು ಬೇರೆ. ಕೆಳಗಿನ ಕಣಿವೆಯಿಂದ ರಸ್ತೆಯ ಅತಿ ಎತ್ತರದ ಜಾಗ ಎರಡು ಸಾವಿರ ಅಡಿಗೂ ಮೇಲೆ; ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ಅದು 6,640 ಅಡಿ. ರಸ್ತೆ ಬಂಡೆಗೆ ಅಂಟಿಕೊಂಡು ಹಾವಿನಂತೆ ಸುತ್ತುತ್ತದೆ. ಒಂದು ಕಡೆ ಗೋಡೆಯಂಥ ಕೆಂಪು ಕಲ್ಲು, ಇನ್ನೊಂದು ಕಡೆ ಪಾತಾಳ.

ಈ ಏರಿನ ಪಕ್ಕದಲ್ಲೇ ಹಳೆಯ ಸರ್ಪೆಂಟ್ಸ್ ಟ್ರೇಲ್ ಕಾಣುತ್ತದೆ. ರಿಮ್ ರಾಕ್ ರಸ್ತೆ ಆಗುವ ಮೊದಲು ಮೋಟಾರುಗಳು ಹತ್ತುತ್ತಿದ್ದುದು ಐವತ್ತಕ್ಕೂ ಹೆಚ್ಚು ತಿರುವುಗಳ ಆ ದಾರಿಯಲ್ಲಿ. ಈಗ ಅದು ನಡೆಯುವವರಿಗೆ ಮಾತ್ರ. ಮೇಲಿನ ಗ್ಲೇಡ್ ಪಾರ್ಕ್ ಎಂಬ ಹಳ್ಳಿಗಾಡಿನವರಿಗೆ ಪೇಟೆಗೆ ಬರಲು ಇದೇ ರಸ್ತೆಯ ಮೊದಲ ನಾಲ್ಕು ಮೈಲಿ ಬೇಕು. ಹಾಗಾಗಿ ಬೆಳಗಿನ ಹೊತ್ತು ಪಿಕಪ್ ಟ್ರಕ್ಕುಗಳ ಓಡಾಟ ಇದ್ದೇ ಇರುತ್ತದೆ. ಒಬ್ಬರ ಹಿಂದೆ ಒಬ್ಬರು, ಬಲಕ್ಕೆ ಸರಿದು ತುಳಿದೆವು. ನಾನು ಹಿಂದೆ, ಮೇಷ್ಟ್ರು ಮುಂದೆ. ಗಂಟೆಗೆ ನಾಲ್ಕೈದು ಮೈಲಿ. ನಡೆಯುವವನಿಗಿಂತ ಚೂರು ಜಾಸ್ತಿ, ಅಷ್ಟೇ.

ಈ ವೇಗದಲ್ಲಿ ಕಾಣುವುದೇ ಬೇರೆ. ಬಂಡೆಯ ಬಿರುಕಿನಲ್ಲಿ ಬೇರೂರಿದ ಜೂನಿಪರ್ ಮರದ ವಾಸನೆ ಮೂಗಿಗೆ ಬಡಿಯುತ್ತದೆ. ಕಾಗೆಯ ದೊಡ್ಡಣ್ಣನಂತಿರುವ ರೇವನ್ ಹಕ್ಕಿಯ ರೆಕ್ಕೆಯ ಸದ್ದು ಕಿವಿಗೆ ಕೇಳುತ್ತದೆ. ಎರಡನೇ ತಿರುವಿನ ನಂತರ, ಮಣ್ಣಿನ ಬಣ್ಣಕ್ಕೆ ಬೆರೆತುಹೋಗಿದ್ದ ಒಂದು ಬಿಗ್‌ಹಾರ್ನ್ ಕಾಡುಕುರಿ ನಮ್ಮನ್ನು ನೋಡುತ್ತಾ ನಿಂತಿತ್ತು. ಕಾರುಗಳು ಅದನ್ನು ಗಮನಿಸದೆ ಹೋದವು. ನಾವು ಹತ್ತಿರ ಬರುವವರೆಗೂ ಅದು ಕದಲಲಿಲ್ಲ. ಇಷ್ಟು ನಿಧಾನದ ಪ್ರಾಣಿಗಳಿಂದ ಏನು ಅಪಾಯ ಎಂದುಕೊಂಡಿತೇನೋ!

ಆ ಇಪ್ಪತ್ತು ನಿಮಿಷ

ಸುರಂಗ ಒಂದನ್ನು ದಾಟಿ ಇನ್ನೂ ಮೇಲೇರುತ್ತಿದ್ದಾಗ ಮಗ್ಗಿ ನಿಂತುಹೋಯಿತು. ಮೇಷ್ಟ್ರು ರಸ್ತೆಯ ಅಂಚಿಗೆ ಸರಿದು ಇಳಿದರು. ಮುಖ ಬಿಳಿಚಿತ್ತು, ಬಲಗೈ ಎದೆಯ ಮೇಲಿತ್ತು.

ಮೂವತ್ತು ವರ್ಷ ಈ ಕಸುಬು ಮಾಡಿದ ಮೇಲೂ, ಗೆಳೆಯನ ಎದೆಯ ಮೇಲೆ ಕೈ ಕಂಡಾಗ ವೈದ್ಯನ ಎದೆಯೂ ಧಸಕ್ಕೆನ್ನುತ್ತದೆ. ಅವರನ್ನು ಬಂಡೆಯ ನೆರಳಿನಲ್ಲಿ ಕೂಡಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಎದೆ ನೋವಿದೆಯೇ? ಭಾರ? ದವಡೆಗೆ, ಎಡಗೈಗೆ ಹರಿಯುತ್ತಿದೆಯೇ? ತಣ್ಣನೆ ಬೆವರು? ವಾಕರಿಕೆ? ಎಲ್ಲಕ್ಕೂ ಇಲ್ಲ. ನಾಡಿ ನೋಡಿದೆ. ನಿಯಮಿತವಾಗಿತ್ತು, ಎರಡು ನಿಮಿಷದಲ್ಲಿ ಇಳಿಯುತ್ತಲೂ ಬಂತು. ಚೀಲದಲ್ಲಿ ಆಸ್ಪಿರಿನ್, ನಾಲಿಗೆ ಕೆಳಗಿಡುವ ನೈಟ್ರೊಗ್ಲಿಸರಿನ್ ಎರಡೂ ಇದ್ದವು. ತೆಗೆಯುವ ಪ್ರಸಂಗ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ತಾವೇ ಬಾಯಿಬಿಟ್ಟರು. “ಎದಿ ನೋವಿಲ್ಲರೀ ಡಾಕ್ಟರ್ ಸಾಹೇಬ್ರ, ಖರೇ ಹೇಳ್ತೀನಿ. ಉಸಿರು ಜೋರಾದ ಕೂಡ್ಲೆ ಆ ಹಿಮದ ದಿನ ನೆನಪಾತು. ಎಂಟು ತಿಂಗಳಾತು, ಮೆಟ್ಲ ಹತ್ತಿದ್ರೂ ಅದ ನೆನಪಾಗತೈತಿ. ಮನ್ಯಾಗ ಯಾರಿಗೂ ಹೇಳಿಲ್ಲ.”

ಓದುಗರೇ, ಹೃದಯಾಘಾತದ ನಂತರ ಇಂಥ ಭಯ ಬಹಳ ಜನರಿಗೆ ಕಾಡುತ್ತದೆ. ನಾವು ವೈದ್ಯರು ಸ್ಟೆಂಟಿನ ಲೆಕ್ಕ ಕೇಳುತ್ತೇವೆ, ಕೊಲೆಸ್ಟರಾಲಿನ ಲೆಕ್ಕ ಕೇಳುತ್ತೇವೆ. ಭಯದ ಲೆಕ್ಕ ಕೇಳುವುದು ಕಡಿಮೆ. ನಮ್ಮ ಗಂಡಸರಂತೂ ತಾವಾಗಿ ಹೇಳುವವರಲ್ಲ. ಹೆದರಿಕೆಯಿಂದ ನಡಿಗೆ ಬಿಡುತ್ತಾರೆ, ಮೆಟ್ಟಿಲು ಬಿಡುತ್ತಾರೆ, ಕೊನೆಗೆ ಹೃದಯಕ್ಕೆ ಬೇಕಾದ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ.

ನಾನು ಹೇಳಿದ್ದು ಇಷ್ಟೇ: “ಮೇಷ್ಟ್ರೇ, ಇಳಿಯೋಣ ಅಂದರೆ ಹತ್ತು ನಿಮಿಷದಲ್ಲಿ ಕೆಳಗಿರುತ್ತೇವೆ. ವೈನಿ ಮುಂದಿನ ತಿರುವಿನಲ್ಲೇ ಇದ್ದಾರೆ, ಕಾರು ಹತ್ತೋಣ ಅಂದರೆ ಅದೂ ಆಗುತ್ತೆ. ನೀವು ಹೇಳಿದ ಹಾಗೆ.” ಅವರು ಉತ್ತರ ಕೊಡಲಿಲ್ಲ. ಕೆಳಗಿನ ಕಣಿವೆಯನ್ನು ನೋಡುತ್ತಾ ನೀರು ಕುಡಿದರು, ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರು. ಇಪ್ಪತ್ತು ನಿಮಿಷ ಹಾಗೇ ಕೂತೆವು. ಆಮೇಲೆ ಕೂತಲ್ಲಿಂದಲೇ ಹದಿನೇಳರ ಮಗ್ಗಿ ಶುರು ಮಾಡಿದರು. ಎಲ್ಲಕ್ಕಿಂತ ಕಷ್ಟದ ಮಗ್ಗಿ! ಹದಿನೇಳ್ಹತ್ಲೆ ನೂರಾ ಎಪ್ಪತ್ತರವರೆಗೆ ಒಂದೂ ತಪ್ಪಿಲ್ಲದೆ, ಉಸಿರು ಕಟ್ಟದೆ ಮುಗಿಸಿ, “ನಡೀರಿ” ಎಂದು ಎದ್ದರು.

ಕಲ್ಲಿನ ವಯಸ್ಸು

ಮೇಲೆ ತಲುಪಿದ ಮೇಲೆ ರಸ್ತೆ ಏರಿಳಿಯುತ್ತಾ ಒಂದೊಂದೇ ಕಣಿವೆಯ ತಲೆಯನ್ನು ಸುತ್ತಿ ಬರುತ್ತದೆ. ರೆಡ್ ಕ್ಯಾನಿಯನ್, ಯೂಟ್ ಕ್ಯಾನಿಯನ್, ಕೋಕ್ ಓವನ್ಸ್, ಮಾನ್ಯುಮೆಂಟ್ ಕ್ಯಾನಿಯನ್. ಯೂಟ್ ಎಂಬುದು ಇಲ್ಲಿನ ಮೂಲನಿವಾಸಿಗಳ ಹೆಸರು. 1881ರಲ್ಲಿ ಅವರನ್ನು ಬಲವಂತವಾಗಿ ಯೂಟಾಗೆ ಸಾಗಿಸಲಾಯಿತು; ಕಣಿವೆಗೆ ಅವರ ಹೆಸರು ಉಳಿಯಿತು.

ಇಲ್ಲಿ ಕಲ್ಲಿನ ಕಥೆ ತಿಳಿದುಕೊಂಡು ನೋಡಿದರೆ ನೋಟ ಇಮ್ಮಡಿಯಾಗುತ್ತದೆ. ಕಣಿವೆಗಳ ತಳದಲ್ಲಿ ಕಪ್ಪಗೆ ಕಾಣುವ ಗಟ್ಟಿ ಶಿಲೆಗೆ ಸುಮಾರು 170 ಕೋಟಿ ವರ್ಷ. ಅದರ ನೆತ್ತಿಯ ಮೇಲೆ ನೇರವಾಗಿ ಕೂತ ಕೆಂಪು ಪದರಕ್ಕೆ ಬರೀ 20 ಕೋಟಿ ವರ್ಷದಷ್ಟು. ನಡುವಿನ ಸುಮಾರು 150 ಕೋಟಿ ವರ್ಷದ ಪುಟಗಳು ಕಾಣೆ. ಏನು ಸಂಗ್ರಹವಾಗಿತ್ತೋ ಅದೆಲ್ಲ ಕೊಚ್ಚಿಹೋಗಿದೆ. ಕಡಿದಾದ ಗೋಡೆಯಂತೆ ನಿಂತಿರುವ ಕೆಂಪು ಕಲ್ಲು ವಿಂಗೇಟ್ ಮರಳುಗಲ್ಲು, ಒಂದು ಕಾಲದ ಮರುಭೂಮಿಯ ಮರಳುದಿಬ್ಬ. ಅದರ ಮೇಲೆ ಕಯೆಂಟಾ ಎಂಬ ಇನ್ನೂ ಗಟ್ಟಿಯಾದ ಪದರ ಟೋಪಿಯಂತೆ ಕೂತಿದೆ. ಆ ಟೋಪಿ ಇರುವಲ್ಲಿ ಮಳೆಗೂ ಹಿಮಕ್ಕೂ ಜಗ್ಗದೆ ಗೋಡೆ ನೆಟ್ಟಗೆ ನಿಂತಿದೆ. ಟೋಪಿ ಕಳಚಿಹೋದಲ್ಲಿ ತಲೆ ಸವೆದು ಗುಂಡಗಾಗುತ್ತದೆ. ಕೋಕ್ ಓವನ್ಸ್ ಎಂಬಲ್ಲಿ ಸಾಲಾಗಿ ಕವುಚಿಟ್ಟ ಹಂಡೆಗಳಂತೆ ಕಾಣುವ ಬಂಡೆಗಳು ಆದದ್ದು ಹೀಗೇ.

ಮೇಷ್ಟ್ರು ಆ ಕೆಂಪು ಗೋಡೆಯನ್ನು ಬಹಳ ಹೊತ್ತು ನೋಡಿದರು. “ನಮ್ಮ ಬಾದಾಮಿ ಗುಡ್ಡದಾಗ ಬಂದ್ಹಂಗ ಆತ್ ನೋಡ್ರಿ” ಎಂದರು. ಸುಳ್ಳಲ್ಲ. ಬಾದಾಮಿಯದೂ ಮರಳುಗಲ್ಲೇ, ಕೆಂಪು ಬಣ್ಣಕ್ಕೆ ಕಾರಣ ಅಲ್ಲಿಯೂ ಕಬ್ಬಿಣದ ಅಂಶವೇ. ವ್ಯತ್ಯಾಸವೆಂದರೆ, ಬಾದಾಮಿಯ ಕಲ್ಲು ಇದಕ್ಕಿಂತ ಬಹಳ ಬಹಳ ಹಳೆಯದು. ನಮ್ಮ ಲಾಲ್‌ಬಾಗಿನ ಬಂಡೆಯಂತೂ ಸುಮಾರು 300 ಕೋಟಿ ವರ್ಷದ್ದು, ಇಲ್ಲಿನ ತಳದ ಕಪ್ಪು ಶಿಲೆಗೇ ಅಜ್ಜ. ಬಾದಾಮಿಯಲ್ಲಿ ಚಾಲುಕ್ಯರು ಆರನೆಯ ಶತಮಾನದಲ್ಲೇ ಕಲ್ಲು ಕೊರೆದು ಗುಹಾಲಯ ಮಾಡಿದರು. ಇಲ್ಲಿ ಕಲ್ಲು ಕೊರೆದದ್ದು ರಸ್ತೆಗಾಗಿ, ಇಪ್ಪತ್ತನೆಯ ಶತಮಾನದಲ್ಲಿ.

ಒಬ್ಬ ಹುಚ್ಚ, ಸಾವಿರ ಕೈಗಳು

ಈ ಜಾಗ ಉಳಿದದ್ದು ಜಾನ್ ಆಟೊ ಎಂಬ ಒಬ್ಬ ಏಕಾಂಗಿಯ ಹಟದಿಂದ. ಕಣಿವೆಯಲ್ಲೇ ಬಿಡಾರ ಹೂಡಿ, ಕಾಲುದಾರಿಗಳನ್ನು ತಾನೇ ಕಡಿದು, ಇದನ್ನು ಕಾಪಾಡಿ ಎಂದು ಪತ್ರದ ಮೇಲೆ ಪತ್ರ ಬರೆದ. ಜನ ಹುಚ್ಚ ಎಂದರು. ಮಾನ್ಯುಮೆಂಟ್ ಆದ ಮೇಲೆ ತಿಂಗಳಿಗೆ ಒಂದು ಡಾಲರ್ ಸಂಬಳಕ್ಕೆ ಅದರ ಮೊದಲ ಕಾವಲುಗಾರನಾದ. ಕಣಿವೆಯ ನಡುವೆ ಒಂಟಿಯಾಗಿ ನಿಂತ 450 ಅಡಿಯ ಇಂಡಿಪೆಂಡೆನ್ಸ್ ಮಾನ್ಯುಮೆಂಟ್ ಎಂಬ ಕಂಬಕ್ಕೆ ರಂಧ್ರ ಕೊರೆದು, ಕೊಳವೆ ಸಿಕ್ಕಿಸಿ, 1911ರಲ್ಲಿ ಹತ್ತಿ, ಜುಲೈ 4ರಂದು ಅದರ ತುದಿಯಲ್ಲಿ ಬಾವುಟ ಹಾರಿಸಿದ. ಅದರ ಬುಡದಲ್ಲೇ ಅದೇ ವರ್ಷ ಮದುವೆಯೂ ಆದ. ಕಣಿವೆಯ ಸಂಸಾರ ಒಗ್ಗದೆ ಹೆಂಡತಿ ಕೆಲವೇ ವಾರಗಳಲ್ಲಿ ಬಿಟ್ಟುಹೋದಳಂತೆ. ವೈನಿ ಈ ಕಥೆ ಕೇಳಿ, “ಟೆಂಟ್‌ನ್ಯಾಗ ಇಟ್ರ ಮತ್ತೇನ್ ಮಾಡ್ತಾಳ್ರಿ?” ಎಂದರು. ಆ ರಾತ್ರಿ ನಾವೂ ಟೆಂಟಿನಲ್ಲೇ ಮಲಗಬೇಕಿದ್ದುದರಿಂದ ಮೇಷ್ಟ್ರು, ನಾನು ಇಬ್ಬರೂ ಸುಮ್ಮನಿದ್ದೆವು.

ರಸ್ತೆಯ ಕೆಲಸ 1931ರಲ್ಲಿ ಶುರುವಾಗಿ ಪೂರ್ತಿಯಾದದ್ದು 1950ರಲ್ಲಿ. ಆರ್ಥಿಕ ಕುಸಿತದ ಆ ಕಾಲದಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಯೋಜನೆಯ ಯುವಕರು ಮತ್ತು ಊರಿನ ಕೆಲಸಗಾರರು ಗುದ್ದಲಿ, ಹಾರೆ, ಸಿಡಿಮದ್ದು ಹಿಡಿದು ಇದನ್ನು ಕೊರೆದರು. ಯೋಜನೆಯ ಯುವಕರಿಗೆ ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಸಾಮಾನ್ಯವಾಗಿ 25 ನೇರ ಮನೆಗೆ ಹೋಗುತ್ತಿತ್ತು. ಊರಿಗೆ ಹಣ ಕಳಿಸುವುದೆಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. 1933ರ ಡಿಸೆಂಬರ್ 12ರಂದು ಹಾಫ್ ಟನಲ್ ಎಂಬಲ್ಲಿ ಬಂಡೆ ಕುಸಿದು ಊರಿನ ಒಂಬತ್ತು ಕೆಲಸಗಾರರು ಸತ್ತರು. ಕಾರಿನಲ್ಲಿ ಹೋಗುವಾಗ ಈ ರಸ್ತೆ ಮೊದಲಿನಿಂದಲೂ ಇತ್ತೇನೋ ಅನ್ನಿಸುತ್ತದೆ. ಸೈಕಲ್ಲಿನಲ್ಲಿ ಮಾತ್ರ ಕಲ್ಲು ಕಡಿದ ಗುರುತು ಮೊಣಕೈ ಅಳತೆಯಲ್ಲಿ ಕಾಣುತ್ತದೆ. ಪ್ರತಿ ಅಡಿಯನ್ನೂ ಯಾರೋ ಬೆವರಿಳಿಸಿ ಕೊಟ್ಟದ್ದು ಎಂಬುದು ನಾವೂ ಬೆವರುತ್ತಿರುವಾಗ ಹೆಚ್ಚು ಅರ್ಥವಾಗುತ್ತದೆ.

ರಾತ್ರಿ ಮತ್ತು ಇಳಿಜಾರು

ಮಧ್ಯಾಹ್ನದ ಊಟ ವ್ಯೂಪಾಯಿಂಟಿನ ನೆರಳಿನಲ್ಲಿ: ವೈನಿ ತಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಈರುಳ್ಳಿ. ಅಂಗಡಿಯಲ್ಲಿ ಸಿಗುವ ಎನರ್ಜಿ ಬಾರ್‌ಗಳ ಪೊಟ್ಟಣ ಹಾಗೇ ಉಳಿಯಿತು. ನಿಲ್ಲುತ್ತಾ, ಕೂರುತ್ತಾ, ಪೂರ್ವ ದ್ವಾರದಿಂದ 19 ಮೈಲಿ ತುಳಿದು ಸಂಜೆ ಸಂದರ್ಶಕರ ಕೇಂದ್ರ ಸೇರಿದೆವು. ಹತ್ತಿರದ ಸ್ಯಾಡಲ್‌ಹಾರ್ನ್ ಕ್ಯಾಂಪಿನಲ್ಲಿ ಟೆಂಟು. ಸೂರ್ಯ ಮುಳುಗುವಾಗ ಇಂಡಿಪೆಂಡೆನ್ಸ್ ಕಂಬ ಮೊದಲು ಕಿತ್ತಳೆ, ಆಮೇಲೆ ಕೆಂಡ, ಕೊನೆಗೆ ಬೂದಿಯ ಬಣ್ಣಕ್ಕೆ ತಿರುಗಿತು. ನಾಲ್ವರೂ ಮಾತಿಲ್ಲದೆ ನೋಡಿದೆವು. ಕೆಳಗಿನ ಕಣಿವೆಯಲ್ಲಿ ಊರಿನ ದೀಪಗಳು ಹತ್ತಿದ ಮೇಲೆ ಮೇಷ್ಟ್ರು ತಾವಾಗಿಯೇ ಬೆಳಗಿನ ಸಂಗತಿಯನ್ನು ವೈನಿಗೆ ಹೇಳಿದರು. ಎಂಟು ತಿಂಗಳ ಭಯವನ್ನೂ ಹೇಳಿದರು. ವೈನಿ ಬೈಯಲಿಲ್ಲ. “ನನಗೂ ಅದ ಹೆದರಿಕಿ ಇತ್ತು. ಹೇಳಿದ್ರ ನಿಮಗ ಜಾಸ್ತಿ ಆದೀತು ಅಂತ ನಾನೂ ಸುಮ್ಮನಿದ್ದೆ” ಎಂದರು.

ಮರುದಿನ ಫ್ರೂಟಾ ಕಡೆಗೆ ಇಳಿಜಾರು. ನಾಲ್ಕು ಮೈಲಿ, ಎರಡು ಸುರಂಗ, ಬೀಳುವಂತೆ ಕಂಡೂ ಬೀಳದೆ ನಿಂತ ಬ್ಯಾಲೆನ್ಸ್ಡ್ ರಾಕ್. ಏರಿಗಿಂತ ಇಳಿಜಾರಿಗೇ ಹೆಚ್ಚು ಎಚ್ಚರ ಬೇಕು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ನಿಧಾನವಾಗಿ ಇಳಿದೆವು. ಫ್ರೂಟಾದಲ್ಲಿ ಕಾಫಿ ಕುಡಿದು, ಕಣಿವೆಯ ರಸ್ತೆಯಲ್ಲಿ ಗ್ರ್ಯಾಂಡ್ ಜಂಕ್ಷನ್ನಿಗೆ ಮರಳಿದೆವು. ಒಂದು ಸುತ್ತು ಒಟ್ಟು 33 ಮೈಲಿ.

ಹೋಗುವವರಿಗೆ ನಾಲ್ಕು ಮಾತು

ಸುರಂಗಗಳಿಗಾಗಿ ಸೈಕಲ್ಲಿನ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ. ಹೆಲ್ಮೆಟ್ ಮರೆಯಬೇಡಿ. ಮೇಲೆ ಹತ್ತಿದ ನಂತರ ಸಂದರ್ಶಕರ ಕೇಂದ್ರದವರೆಗೆ ನೀರು ಸಿಗುವುದಿಲ್ಲ ಎಂದುಕೊಂಡೇ ಹೊರಡಿ. ಒಬ್ಬರಿಗೆ ಮೂರು ಲೀಟರ್ ಇರಲಿ, ಒಂದು ಬಾಟಲಿಯಲ್ಲಿ ನಿಂಬೆ, ಸಕ್ಕರೆ, ಉಪ್ಪು. ಬೇಸಿಗೆಯಲ್ಲಿ ಬಿಸಿಲು 90 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಗುಡುಗು ಮಿಂಚೂ ಉಂಟು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಹಿತ. ಸಮುದ್ರಮಟ್ಟದ ಊರುಗಳಿಂದ ಬರುವವರು ಎರಡು ದಿನ ಗಾಳಿಗೆ ಒಗ್ಗಿಕೊಂಡು ಆಮೇಲೆ ಏರಿ.

ವೈದ್ಯನಾಗಿ ಒಂದು ಮಾತು. ದಕ್ಷಿಣ ಏಷ್ಯಾದ ನಮಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೇ ತೋರಿಸಿದೆ. ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಹೃದಯದ ತೊಂದರೆ ಆದವರು ನಿಮ್ಮ ವೈದ್ಯರ ಒಪ್ಪಿಗೆ ಪಡೆದು, ಜೊತೆಗೊಬ್ಬರನ್ನು ಕರೆದುಕೊಂಡು ಹೊರಡಿ. ಎದೆಯಲ್ಲಿ ಭಾರ ಅನ್ನಿಸಿದರೆ ನಿಂತು 911ಕ್ಕೆ ಫೋನ್ ಮಾಡಿ, ಸಂಕೋಚ ಬೇಡ. ಆದರೆ ಭಾರ ಇರುವುದು ಮನಸ್ಸಿನ ಮೇಲಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಹೇಳಲು ಅವಕಾಶ ಆಗುವಷ್ಟು ನಿಧಾನವಾಗಿ ಹೋಗಿ.

ಮೇಷ್ಟ್ರು ಈಗ ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿಯುತ್ತಾರೆ. ಕನ್ನಡ ಶಾಲೆಯ ಮಕ್ಕಳು ಹದಿನೇಳರ ಮಗ್ಗಿಯವರೆಗೆ ಬಂದಿದ್ದಾರೆ. ವೈನಿ ತಮಗೂ ಒಂದು ಸೈಕಲ್ ಕೊಂಡಿದ್ದಾರೆ. ಮುಂದಿನ ಸಲ ಕಾರಿನಲ್ಲಿ ಸಾಮಾನು ಹೊತ್ತು ತರುವವರು ಯಾರು ಎಂಬುದು ನಮ್ಮ ನಾಲ್ವರಲ್ಲಿ ಇನ್ನೂ ತೀರ್ಮಾನವಾಗಿಲ್ಲ.